ಎಳೆದರೆ ಬಿಚ್ಚುವ ಗಂಟು

ನನ್ನ ಹೊಲಿಗೆ ಅಂಗಡಿ ಇರುವುದು ಕುಶಾಲನಗರದಿಂದ ಹಾರಂಗಿಗೆ ಹೋಗುವ ದಾರಿಯಲ್ಲಿ. ರವಿಕೆ, ಲಂಗ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದುಕೊಂಡು ನನ್ನ ಪಾಡಿಗೆ ನಾನಿದ್ದೆ. ಕಾಫಿ ಕುಯ್ಯುವವರ ಚೀಲ ಹೊಲಿಯುವ ಉಸಾಬರಿಗೆ ನನ್ನನ್ನು ಎಳೆದು ತಂದವಳು ಒಬ್ಬ ಗಿರಾಕಿ. ಅವಳು ಮೊದಲ ಸಲ ಬಂದದ್ದೇ ಜಗಳಕ್ಕೆ. ನಾನು ಹೊಲಿದ ರವಿಕೆಯ ತೋಳು ಬಿಗಿಯಾಗಿದೆ ಎಂದು ಅದನ್ನು ತಂದು ಮೇಜಿನ ಮೇಲೆ ಹಾಕಿದಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಇದನ್ನ ಹಾಕ್ಕೊಂಡು ಮರ ಹತ್ತಕ್ಕೆ ಹೋಗ್ತೀಯಾ?" ಎಂದೆ.

"ಮರ ಹತ್ತಲ್ಲ ಅಕ್ಕ. ಕಾಫಿ ಗಿಡ ಬಗ್ಗಿಸ್ತೀನಿ, ಬೆಳಗಿಂದ ಸಂಜೆ ತಂಕ. ನೀವೇ ಒಂದು ಸಲ ಕೈ ಎತ್ತಿ ನೋಡಿ."

ನನ್ನ ಮೈಮೇಲಿದ್ದ ರವಿಕೆಯೂ ನನ್ನದೇ ಹೊಲಿಗೆ. ಕೈ ಎತ್ತಿದೆ, ಕಂಕುಳಲ್ಲಿ ಹಿಡಿಯಿತು. ಇಷ್ಟು ವರ್ಷ ಮಿಷನ್ ತುಳಿದವಳಿಗೆ ಅದು ಗೊತ್ತೇ ಆಗಿರಲಿಲ್ಲ. ಬಾಯಿ ಮುಚ್ಚಿಕೊಂಡು ತೋಳು ಬಿಡಿಸಿ ಕೊಟ್ಟೆ.

ಆಮೇಲೆ ಅವಳು ತನ್ನ ಕಾಫಿ ಚೀಲ ತಂದಳು. ಹಳೆಯ ಗೊಬ್ಬರದ ಚೀಲವನ್ನು ಕತ್ತರಿಸಿ ಸೊಂಟಕ್ಕೆ ಕಟ್ಟಿಕೊಳ್ಳುವುದು ಇಲ್ಲಿಯ ರೂಢಿ. ಬಗ್ಗಿದಾಗಲೆಲ್ಲ ಅದರ ಬಾಯಿ ಮುಚ್ಚಿಕೊಳ್ಳುತ್ತದೆ, ಅದನ್ನು ತೆರೆದು ಹಿಡಿಯಲು ಒಂದು ಕೈ ಬೇಕು, ಹಣ್ಣು ಕುಯ್ಯಲು ಉಳಿಯುವುದು ಒಂದೇ ಕೈ. ಬಾಯಿಗೊಂದು ಕಂಬಿಯ ಬಳೆ ಹಾಕಿ, ತಳದಲ್ಲಿ ಬಿಚ್ಚಿ ಸುರಿಯುವ ಹಾಗೆ ಮಾಡಿದರೆ ಹೇಗೆ ಎಂದು ಕೇಳಿದಳು. ಎಷ್ಟು ದಿನದಿಂದ ಯೋಚಿಸಿದ್ದಳೋ ಏನೋ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ತೋರಿಸಿದಳು.

ನನ್ನ ಅಂಗಡಿಯ ಪಕ್ಕದಲ್ಲಿ ವೆಲ್ಡಿಂಗ್ ಶಾಪಿದೆ. ಅಲ್ಲಿಯವನು ಮಲಯಾಳಿ, ನನಗಿಂತ ಹತ್ತು ವರ್ಷ ಚಿಕ್ಕವನು, ಅಕ್ಕ ಅನ್ನುವ ಬದಲು ನನ್ನನ್ನು ಚೇಚಿ ಅನ್ನುತ್ತಾನೆ. ಅವನನ್ನು ಕರೆದೆ. ಅವನು ಕಂಬಿಯನ್ನು ದುಂಡಗೆ ಬಗ್ಗಿಸಿ ಕೊಟ್ಟ, ನಾನು ಅದಕ್ಕೆ ಕ್ಯಾನ್ವಾಸ್ ಬಟ್ಟೆ ಹೊಲಿದೆ, ಅವಳು ಕಟ್ಟಿಕೊಂಡು ಮರುದಿನ ಬೆಳಿಗ್ಗೆ ಕೂಲಿಯವರ ಜೀಪು ಹತ್ತಿದಳು. ಸಂಜೆ ಬಂದವಳು ಸೀರೆ ಸರಿಸಿ ಪಕ್ಕೆ ತೋರಿಸಿದಳು. ಕೆಂಪಗೆ ಗೀರಿತ್ತು.

"ಹೊಟ್ಟೆ ಕಡೆ ಚಪ್ಪಟೆ ಇರ್ಬೇಕು. ಇದು ದುಂಡಗಿದೆ, ಕೊರೀತದೆ."

ಆ ಕೊಯ್ಲಿನ ಕಾಲವೆಲ್ಲ ಹೀಗೇ ನಡೆಯಿತು. ಬೆಳಿಗ್ಗೆ ಚೀಲ ಹೋಗುವುದು, ಸಂಜೆ ತಪ್ಪುಗಳ ಜೊತೆ ವಾಪಸ್ ಬರುವುದು. ಇಳಿಜಾರಿನಲ್ಲಿ ಒಂದೇ ಕಡೆ ಜಗ್ಗುತ್ತದೆ. ಮೂಲೆಯಲ್ಲಿ ಹಣ್ಣು ಸಿಕ್ಕಿಕೊಳ್ಳುತ್ತದೆ. ಬಟ್ಟೆ ಇಬ್ಬನಿ ಕುಡಿದು ಭಾರವಾಗುತ್ತದೆ. "ನಿನಗೆ ಮಾವನ ಮನೆಯಲ್ಲೂ ಯಾವುದೂ ಸರಿ ಕಾಣ್ತಿರಲಿಲ್ಲ ಅಂತ ಕಾಣ್ತದೆ" ಎಂದು ನಾನು ಗೊಣಗುತ್ತಿದ್ದೆ. "ಅದಕ್ಕೇ ಬಿಟ್ಟು ಬಂದೆ" ಎಂದು ಅವಳು ನಗುತ್ತಿದ್ದಳು. ವೆಲ್ಡಿಂಗಿನವನು ಕಂಬಿ ಬಗ್ಗಿಸಿ ಬಗ್ಗಿಸಿ, ಇನ್ನು ಬಗ್ಗಲು ತನ್ನ ಬೆನ್ನು ಮಾತ್ರ ಬಾಕಿ ಎನ್ನುತ್ತಿದ್ದ. ನನ್ನ ಬದುಕಿನಲ್ಲಿ ಕೆಲಸ ಅಷ್ಟು ಖುಷಿ ಕೊಟ್ಟದ್ದು ಆ ತಿಂಗಳುಗಳಲ್ಲೇ.

ಒಂದು ವಿಷಯವನ್ನು ಮಾತ್ರ ಅವಳು ಮೊದಲ ದಿನವೇ ಹೇಳಿ ಮುಗಿಸಿದ್ದಳು. ಸೊಂಟದ ಪಟ್ಟಿಗೆ ಬಟ್ಟೆಯ ಕಟ್ಟೇ ಆಗಬೇಕು, ಅದಕ್ಕೆ ತಾನು ಹಾಕುವ ಗಂಟೇ ಆಗಬೇಕು. ಗಂಟು ನೋಡಲು ಗಟ್ಟಿ, ಆದರೆ ಒಂದು ತುದಿ ಹಿಡಿದು ಜಗ್ಗಿದರೆ ಎಷ್ಟು ಭಾರವಿದ್ದರೂ ಬಿಚ್ಚಿ ಬೀಳುತ್ತದೆ. ತೋಟಕ್ಕೆ ಆನೆ ಬಂದಾಗ ಮೊದಲು ಚೀಲ ಬಿಡಬೇಕು, ಆಮೇಲೆ ಓಡಬೇಕು. ತುಂಬಿದ ಚೀಲ ಕಟ್ಟಿಕೊಂಡು ಕಾಫಿ ಗಿಡಗಳ ನಡುವೆ ಓಡಲಾಗುವುದಿಲ್ಲ. ಹೊಸದಾಗಿ ಬಂದ ಹೆಂಗಸರಿಗೆ ಹಣ್ಣು ಕುಯ್ಯುವುದಕ್ಕಿಂತ ಮೊದಲು ಈ ಗಂಟನ್ನು ಕಲಿಸುತ್ತಾರಂತೆ.

ಮಳೆಗಾಲ ಮುಗಿದ ಮೇಲೆ ಪೊನ್ನಂಪೇಟೆಯಲ್ಲಿ ಸಣ್ಣಪುಟ್ಟ ಕಸುಬಿನವರ ಪ್ರದರ್ಶನವಿತ್ತು. ಮೂವರೂ ಹೋದೆವು. ಅವಳು ಚೀಲ ಕಟ್ಟಿಕೊಂಡು ನಿಂತಳು, ಬಂದವರೆಲ್ಲ ಸುತ್ತು ಹಾಕಿ ನೋಡಿದರು. ಯಾರು ಮಾಡಿದ್ದು ಎಂದು ಕೇಳಿದವರಿಗೆಲ್ಲ ನಾನು ನನ್ನನ್ನೇ ತೋರಿಸಿಕೊಂಡೆ. ಪಕ್ಕದಲ್ಲೇ ಅವಳಿದ್ದಳು. ಅದು ಆಗ ನನಗೆ ತಪ್ಪೆಂದು ಅನಿಸಲೇ ಇಲ್ಲ.

ಅಲ್ಲಿಗೆ ಎಸ್ಟೇಟು ಸಾಮಾನಿನ ವ್ಯಾಪಾರಿಯೊಬ್ಬರು ಬಂದರು. ತೋಟಗಳಿಗೆ ಕತ್ತಿ, ಟಾರ್ಪಾಲು ಸರಬರಾಜು ಮಾಡುವವರು. ಚೀಲ ತಿರುಗಿಸಿ ನೋಡಿ, "ಎಲ್ಲ ಚೆನ್ನಾಗಿದೆ ಮೇಡಂ. ಈ ಬಟ್ಟೆ ಕಟ್ಟು ಮಾತ್ರ ಹಳೇ ಕಾಲದ್ದು. ಸ್ಕೂಲ್ ಬ್ಯಾಗಿಗೆ ಇರ್ತದಲ್ಲ, ಆ ಥರ ಕ್ಲಿಪ್ ಹಾಕಿ. ಎಷ್ಟು ಬೇಕಾದ್ರೂ ತಗೊಳ್ತೀನಿ" ಎಂದರು. ಜೀವಮಾನದಲ್ಲಿ ನನ್ನನ್ನು ಯಾರೂ ಅಷ್ಟು ಮರ್ಯಾದೆಯಿಂದ ಮೇಡಂ ಅಂದಿರಲಿಲ್ಲ. ನನ್ನ ತಲೆ ತಿರುಗಿದ್ದು ಅಲ್ಲಿಯೇ.

ವಾಪಸ್ ಬರುವಾಗ ಬಸ್ಸಿನಲ್ಲೇ ಅವಳು ಹೇಳಿದಳು. "ಕ್ಲಿಪ್ ಬೇಡ ಅಕ್ಕ. ಆನೆ ಬಂದ್ರೆ?"

"ಆನೆ ಏನು ದಿನಾ ಬರ್ತದಾ?"

"ದಿನಾ ಬರಲ್ಲ. ಬಂದ ದಿನ ಬಿಚ್ಚಬೇಕಲ್ಲ."

ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಅಂಗಡಿಯಲ್ಲಿ ಕ್ಲಿಪ್ಪಿನ ಮೊದಲ ಚೀಲ ತಯಾರಾದಾಗ ಅವಳು ಅದರಲ್ಲಿ ಭತ್ತ ತುಂಬಿಸಿ ಸೊಂಟಕ್ಕೆ ಕಟ್ಟಿಕೊಂಡಳು, ಕೈಗೆ ಎಣ್ಣೆ ಸವರಿಕೊಂಡಳು. ಹಣ್ಣಿನ ಲೋಳೆಯಲ್ಲಿ ಕೈ ಹಾಗೇ ಜಾರುತ್ತದೆ ಎಂದಳು. ಕ್ಲಿಪ್ ಒತ್ತಿದಳು. ಭಾರಕ್ಕೆ ಅದು ಕಚ್ಚಿಕೊಂಡಿತ್ತು, ಎರಡು ಕೈ ಹಾಕಿ ಹೊಟ್ಟೆ ಒಳಗೆ ಎಳೆದುಕೊಂಡ ಮೇಲೆ ಬಿಟ್ಟಿತು. ವೆಲ್ಡಿಂಗಿನವನು ನೋಡುತ್ತಾ ನಿಂತಿದ್ದ. "ಚೇಚಿ, ಇದು ಶರಿಯಾಗಲ್ಲ" ಎಂದ. ಹೊಸದರಲ್ಲಿ ಬಿಗಿ ಇರುತ್ತದೆ, ಬಳಸಿದ ಹಾಗೆ ಸಡಿಲವಾಗುತ್ತದೆ ಎಂದು ಇಬ್ಬರ ಬಾಯಿಯನ್ನೂ ಮುಚ್ಚಿಸಿದೆ.

ಮೂರನೆಯ ಸಲ ಅವಳು ಮಾತಾಡಲಿಲ್ಲ. ನಾನು ಕೊಟ್ಟ ಚೀಲದ ಕ್ಲಿಪ್ ಕತ್ತರಿಸಿ, ತನ್ನ ಹಳೆಯ ಸೀರೆಯ ಪಟ್ಟಿ ಹರಿದು ಕೈಯಲ್ಲೇ ಹೊಲಿದುಕೊಂಡಿದ್ದಳು. ಕುಯ್ಲು ಶುರುವಾಗುವ ಹೊತ್ತು. ಆ ವ್ಯಾಪಾರಿ ತೋಟಕ್ಕೆ ಬಂದು ಚೀಲಗಳ ಫೋಟೋ ತೆಗೆಯುವವರಿದ್ದರು. ನನಗೆ ಮೈಯೆಲ್ಲ ಉರಿಯಿತು. "ನೀನೇ ಹಾಕ್ಕೊಳ್ಳದಿದ್ರೆ ಬೇರೆಯವರು ಯಾಕೆ ಹಾಕ್ಕೊಳ್ತಾರೆ?" ಎಂದು ಅವಳೆದುರಿಗೇ ಬ್ಲೇಡು ತೆಗೆದುಕೊಂಡು ಅವಳ ಹೊಲಿಗೆಯನ್ನು ಬಿಚ್ಚಿದೆ. ಸಣ್ಣ ಸಣ್ಣ ಹೊಲಿಗೆ, ಒತ್ತಾಗಿ ಹಾಕಿದ್ದಳು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಸ್ಟೂಲಿನ ಮೇಲೆ ಕುಳಿತಿದ್ದಳು. ಹೊಸ ಕ್ಲಿಪ್ ಹಾಕಿ ಕೊಟ್ಟೆ, ತೆಗೆದುಕೊಂಡು ಹೋದಳು.

ಜನವರಿಯಲ್ಲಿ ಒಂದು ಬೆಳಿಗ್ಗೆ ಅವಳೂ ಜೊತೆಯ ಹೆಂಗಸರೂ ಕುಯ್ಯುತ್ತಿದ್ದ ತೋಟಕ್ಕೆ ಒಂಟಿ ಆನೆ ಬಂತು. ಮೇಲಿನ ರಸ್ತೆಯಿಂದ ತೋಟದ ಲೆಕ್ಕ ಬರೆಯುವ ರೈಟರು ಕೂಗಿದರು. ಗಂಟು ಕಟ್ಟಿಕೊಂಡಿದ್ದವರು ಚೀಲ ಬಿಟ್ಟು ಓಡಿದರು. ಇವಳು ಕ್ಲಿಪ್ ಒತ್ತಿದಳು, ಮತ್ತೆ ಒತ್ತಿದಳು, ಆಮೇಲೆ ಚೀಲದ ಸಮೇತ ಓಡಿದಳು. ಕಂಬಿಯ ಬಳೆ ಗಿಡದ ರೆಂಬೆಗೆ ಸಿಕ್ಕಿ ಅವಳನ್ನು ತಿರುಗಿಸಿ ಚರಂಡಿಗೆ ಹಾಕಿತು. ಆನೆ ಬೇರೆ ದಾರಿಯಲ್ಲಿ ಹೋಯಿತು, ಅವಳ ಕಡೆ ನೋಡಲೂ ಇಲ್ಲ. ಸೊಂಟದ ಮೂಳೆ ಮುರಿದಿತ್ತು. ಅವಳನ್ನು ಮೇಲೆತ್ತಿದವರು ಚೀಲವನ್ನು ಕತ್ತಿಯಿಂದ ಕುಯ್ದು ತೆಗೆದರು.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಅವಳು, "ಕೂತ್ಕೊಳ್ಳಿ ಅಕ್ಕ" ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಅಳು ಬರುತ್ತಿತ್ತು, ಸ್ವಲ್ಪ ಹಗುರವಾಗುತ್ತಿತ್ತು. ಅಕ್ಕಪಕ್ಕದ ಹಾಸಿಗೆಯವರಿಗೆ, "ನಮ್ಮ ಟೈಲರಕ್ಕ, ಒಳ್ಳೆಯವರು" ಎಂದು ಪರಿಚಯ ಮಾಡಿಕೊಟ್ಟಳು.

ವ್ಯಾಪಾರಿಯ ಕೈಯಿಂದ ಕ್ಲಿಪ್ಪಿನ ಚೀಲಗಳು ಆಗಲೇ ಹಲವು ತೋಟ ಸೇರಿದ್ದವು. ವೆಲ್ಡಿಂಗಿನವನ ಸ್ಕೂಟರಿನ ಹಿಂದೆ ಕುಳಿತು ತೋಟ ತೋಟ ತಿರುಗಿದೆ. ಕೂಲಿಯವರ ಲೈನು ಮನೆಗಳ ಜಗುಲಿಯಲ್ಲಿ ಕುಳಿತು ಕ್ಲಿಪ್ ಕತ್ತರಿಸಿ ಬಟ್ಟೆಯ ಕಟ್ಟು ಹೊಲಿದು ಕೊಟ್ಟೆ. ಸಿಕ್ಕಿದಷ್ಟನ್ನು ಸರಿಮಾಡಿದೆ, ಘಾಟಿಯ ಕೆಳಗೆ ಹೋದ ಚೀಲಗಳು ಎಲ್ಲಿವೆಯೋ ಗೊತ್ತಿಲ್ಲ. ಇನ್ನು ಕ್ಲಿಪ್ ಹಾಕುವುದಿಲ್ಲ ಎಂದೆ, ವ್ಯಾಪಾರಿ ಬೇರೆ ಕಡೆ ಮಾಡಿಸಿಕೊಂಡರು. ಕೊನೆಯ ದಿನ ವೆಲ್ಡಿಂಗಿನವನು ಅಂಗಡಿ ಮುಂದೆ ಇಳಿಸಿ, "ನಾನಾದ್ರೂ ಕಂಬಿ ಕೊಡಲ್ಲ ಅನ್ಬೇಕಿತ್ತು ಚೇಚಿ" ಎಂದ. ಅವನಿಗೂ ನಿದ್ದೆ ಇರಲಿಲ್ಲವೆಂದು ಆಗ ಗೊತ್ತಾಯಿತು.

ಅವಳು ಇನ್ನು ಕಾಫಿ ಕುಯ್ಯುವಂತಿಲ್ಲ. ಕೋಲು ಹಿಡಿದು ನಡೆಯುತ್ತಾಳೆ. ನಾನೇ ಹೋಗಿ ಕರೆದೆ, ಈಗ ನನ್ನ ಅಂಗಡಿಯಲ್ಲಿ ಕುಳಿತು ದಾರ ಕತ್ತರಿಸುತ್ತಾಳೆ, ಗುಂಡಿ ಹಾಕುತ್ತಾಳೆ. ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಕೊಟ್ಟ ಕೆಲಸ ಮಾಡುತ್ತಾಳೆ. ಚೀಲ ಈಗಲೂ ಹೊಲಿಯುತ್ತೇವೆ, ಗಂಟಿನದ್ದೇ, ಸುತ್ತಮುತ್ತಲಿನ ಹೆಂಗಸರು ಬಂದು ಕೇಳುತ್ತಾರೆ. ಪ್ರತಿ ಚೀಲವನ್ನೂ ಅವಳ ಕೈಗೆ ಕೊಟ್ಟು ಹೇಗಿದೆ ಎನ್ನುತ್ತೇನೆ. ಚೆನ್ನಾಗಿದೆ ಎನ್ನುತ್ತಾಳೆ. ಬಟ್ಟೆ ಬದಲಾಯಿಸಿದರೂ ಅದೇ ಮಾತು, ಬಳೆಯ ಅಳತೆ ಬದಲಾಯಿಸಿದರೂ ಅದೇ ಮಾತು.

ಹೋದ ವಾರ ನನಗೆ ತಡೆಯಲಾಗಲಿಲ್ಲ. ಬೇಕೆಂದೇ ಒಂದು ಚೀಲಕ್ಕೆ ಪಟ್ಟಿಯನ್ನು ವಾರೆಯಾಗಿ ಹೊಲಿದೆ, ಒಂದು ಕಡೆಗಿಂತ ಇನ್ನೊಂದು ಕಡೆ ನಾಲ್ಕು ಬೆರಳು ಕೆಳಗೆ. ಕಟ್ಟಿಕೊಂಡರೆ ಹಣ್ಣೆಲ್ಲ ನೆಲಕ್ಕೆ ಸುರಿಯಬೇಕು, ಹಾಗೆ. ಅದನ್ನು ಅವಳ ಮಡಿಲಿಗೆ ಹಾಕಿ ಮಿಷನ್ನಿನ ಮುಂದೆ ಬಂದು ಕುಳಿತೆ. ಇವತ್ತು ಬೈಸಿಕೊಳ್ಳಲೇಬೇಕು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳ ಬೆರಳು ಪಟ್ಟಿಯುದ್ದಕ್ಕೂ ಸರಿದು, ತಪ್ಪಿದ ಕಡೆ ನಿಂತಿತು. ತಲೆ ಎತ್ತಿ ನನ್ನನ್ನೊಮ್ಮೆ ನೋಡಿದಳು.

"ಹೆಂಗಿದೆ?" ಎಂದೆ.

"ಚೆನ್ನಾಗಿದೆ ಅಕ್ಕ" ಎಂದು ದಾರದ ತುದಿ ಕತ್ತರಿಸಿ, ಮಡಚಿ, ಮಿಕ್ಕ ಚೀಲಗಳ ಮೇಲಿಟ್ಟಳು.