ನಾಲ್ಕನೆಯ ಕಾಲುವೆಯ ಚೆಂಡು

ನಮ್ಮ ಭಾವನವರಿಗೆ ಇಳಿಜಾರಿನ ಹುಚ್ಚು. ಮೊದಲ ಸಲ ನಮ್ಮ ಮನೆಗೆ ಬಂದಾಗ ಕೈ ತೊಳೆಯಲೆಂದು ಬಚ್ಚಲಿಗೆ ಹೋದವರು ಕಾಲು ಗಂಟೆಯಾದರೂ ಹೊರಗೆ ಬರಲಿಲ್ಲ. ಬಂದವರೇ ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಮೂಲೇಲಿ ನೀರು ನಿಲ್ಲುತ್ತೆ, ಇಳಿಜಾರು ಒಂದು ಬೆರಳು ಸಾಲದು" ಎಂದು ನಮ್ಮ ತಂದೆಯವರಿಗೆ ವರದಿ ಒಪ್ಪಿಸಿದರು. "ಅವತ್ತೇ ನನಗೆ ಗೊತ್ತಾಗಬೇಕಿತ್ತು" ಎಂದು ಅಕ್ಕ ಇಂದಿಗೂ ಹೇಳುವುದುಂಟು.

ಅವರ ಉದ್ಯೋಗವೂ ಅದೇ. ನೆಲವನ್ನು ಬಗೆದು ಕಲ್ಲಿದ್ದಲು ತೆಗೆಯುವ ಗಣಿಗಳಲ್ಲಿ ಮೇಲಿನ ಮಣ್ಣನ್ನೆಲ್ಲ ಪಕ್ಕಕ್ಕೆ ಸುರಿದು ಗುಡ್ಡ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ತಿದ್ದಿ, ಹುಲ್ಲು ಹಬ್ಬಿಸಿ, ಗಿಡ ನೆಟ್ಟು, ಮಳೆನೀರು ಇಳಿಯಲು ಕಾಲುವೆ ಕಟ್ಟಿ ಊರಿಗೆ ಒಪ್ಪಿಸಬೇಕು. ಎಲ್ಲವೂ ಸರಿಯಾಗಿದೆಯೆಂದು ನೋಡಿ ರುಜು ಹಾಕುವವರು ಭಾವ. ಅವರ ಇಲಾಖೆಯ ಉಳಿದವರು ಬೇಸಿಗೆಯಲ್ಲಿ ಜೀಪಿನಲ್ಲಿ ಬಂದು, ನೆರಳಿನಲ್ಲಿ ನಕ್ಷೆ ನೋಡಿ ಹೋಗುತ್ತಿದ್ದರು. ಭಾವ ಹೋಗುತ್ತಿದ್ದುದು ಸುರಿಯುವ ಮಳೆಯಲ್ಲಿ, ಕಾಲ್ನಡಿಗೆಯಲ್ಲಿ.

"ಬೇಸಿಗೇಲಿ ಎಲ್ಲಾ ಚರಂಡೀನೂ ಸಾಧುವೇ" ಎನ್ನುತ್ತಿದ್ದರು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿಮಗೆ ಮೈಯೆಲ್ಲಾ ಕೆಸರು, ಒಗೆಯೋಳು ನಾನು" ಎನ್ನುತ್ತಿದ್ದಳು ಅಕ್ಕ.

ನಾನು ಪಾಠ ಹೇಳುತ್ತಿದ್ದ ಶಾಲೆ ಅಂಥದೊಂದು ಮಣ್ಣಿನ ಗುಡ್ಡದ ಬುಡದಲ್ಲಿತ್ತು. ಮಳೆ ಬಂತೆಂದರೆ ಕರಿಯ ನೀರು ಹೊಸಿಲು ದಾಟಿ ಒಳಗೆ ಬರುತ್ತಿತ್ತು. ಮಕ್ಕಳು ಬೆಂಚಿನ ಮೇಲೆ ಕಾಲು ಮಡಚಿ ಕುಳಿತು ಮಗ್ಗಿ ಒಪ್ಪಿಸುತ್ತಿದ್ದರು. ಮೂರನೆಯ ತರಗತಿಯ ಚಪ್ಪಲಿಗಳು ಪರೀಕ್ಷೆಯನ್ನೇ ಬರೆಯದೆ ನಾಲ್ಕನೆಯ ತರಗತಿಗೆ ತೇಲಿ ಹೋಗುತ್ತಿದ್ದವು. ಆ ಗುಡ್ಡವನ್ನು ತಿದ್ದುವ ಕೆಲಸ ಕೊನೆಗೂ ಮುಗಿದು, ತಪಾಸಣೆ ಭಾವನವರ ಪಾಲಿಗೆ ಬಂತು. ಅವರು ರುಜು ಹಾಕಿದರೆ ಗಣಿಯವರು ಯಂತ್ರಗಳನ್ನು ಕಟ್ಟಿಕೊಂಡು ಹೊರಟುಬಿಡುತ್ತಾರೆ. ಆಮೇಲೆ ನೀರು ಒಳಗೆ ಬಂದರೆ ಕೇಳುವವರಿಲ್ಲ. ನಮ್ಮ ನೆಲ ಒಣಗುವುದೂ ಬಿಡುವುದೂ ಆ ಒಂದು ರುಜುವಿನ ಮೇಲಿತ್ತು.

ಹಿಂದಿನ ದಿನ ಭಾವ ಶಾಲೆಗೆ ಬಂದು, "ಮೇಷ್ಟ್ರೇ, ನಿಮ್ಮ ಹತ್ತಿರ ಚೆಂಡು ಎಷ್ಟಿವೆ?" ಎಂದರು.

ಪಾಠದ ನಡುವೆ ಆಡಿದ ಮಕ್ಕಳಿಂದ ಕಸಿದುಕೊಂಡ ರಬ್ಬರ್ ಚೆಂಡುಗಳು ನನ್ನ ಮೇಜಿನ ಖಾನೆಯಲ್ಲಿ ಹನ್ನೊಂದಿದ್ದವು. ಭಾವ ಏಳನ್ನು ಆರಿಸಿಕೊಂಡು, ಒಂದೊಂದರ ಮೇಲೂ ಅಂಕಿ ಬರೆದರು. ಗುಡ್ಡದ ನೆತ್ತಿಯಿಂದ ಏಳು ಕಾಲುವೆಗಳು ಇಳಿದು, ಬುಡದಲ್ಲಿ ಒಂದಾಗಿ, ಕೊಳವೊಂದನ್ನು ಸೇರುತ್ತವೆ. ಏಳಕ್ಕೂ ಒಂದೊಂದು ಚೆಂಡು.

"ಕಾಗದ ಸುಳ್ಳು ಹೇಳುತ್ತೆ ಕಣಯ್ಯಾ, ಚೆಂಡು ಹೇಳಲ್ಲ" ಎಂದರು.

ಮರುದಿನ ಆಕಾಶವೇ ಕಳಚಿ ಬಿದ್ದಂಥ ಮಳೆ. ಭಾವ ನೆತ್ತಿಗೆ ಹೋಗಿ ಚೆಂಡುಗಳನ್ನು ಬಿಟ್ಟು ಬಂದರು. ಕೊಳದ ಬಳಿ ಗಣಿಯ ಮ್ಯಾನೇಜರು, ಕಾವಲುಗಾರ ಮತ್ತು ನಾನು ಛತ್ರಿ ಹಿಡಿದು ನಿಂತೆವು. ಒಂದು ಬಂತು. ಆರು ಬಂತು. ಎರಡು, ಏಳು, ಮೂರು, ಐದು ಬಂದವು. ನಾಲ್ಕು ಬರಲಿಲ್ಲ. ಅರ್ಧ ಗಂಟೆ ಕಾದೆವು.

"ಏಳರಲ್ಲಿ ಆರು ಬಂದಿದೆಯಲ್ಲ ಸಾರ್! ಶಾಲೇಲಾದ್ರೆ ಫಸ್ಟ್ ಕ್ಲಾಸು. ಏನಂತೀರಿ ಮೇಷ್ಟ್ರೇ?" ಎಂದರು ಮ್ಯಾನೇಜರು.

"ನಾಲ್ಕು ಬರೋವರೆಗೂ ರುಜು ಇಲ್ಲ" ಎಂದರು ಭಾವ.

ಹುಡುಕಾಟ ಮೊದಲಾಯಿತು. ಆಳೆತ್ತರದ ಹುಲ್ಲಿನಲ್ಲಿ ಕಾಲುವೆಯೇ ಕಾಣುತ್ತಿರಲಿಲ್ಲ. ರಸ್ತೆ ಹಿಡಿದು ಗುಡ್ಡ ಹತ್ತಿದೆವು. ಮ್ಯಾನೇಜರು ಎರಡು ಸಲ ಜಾರಿ, ಮೂರನೆಯ ಸಲ ಕುಳಿತೇ ಬಿಟ್ಟರು. ನಾಲ್ಕನೆಯ ಕಾಲುವೆ ರಸ್ತೆಯ ಕೆಳಗೆ ಹಾದುಹೋಗುವ ಕಡೆ ಒಂದು ಕಲ್ಲುಚಪ್ಪಡಿಯ ಮೋರಿ. ಅದರೊಳಗಿಂದ ಕಂದು ಬಣ್ಣದ ಮೂತಿಯೊಂದು ಹೊರಗೆ ಬಂದು "ಗುರ್ರ್" ಎಂದಿತು. ಬಗ್ಗಿ ನೋಡಿದರೆ ನಾಯಿ. ಅದರ ಹೊಟ್ಟೆಗೆ ಅಂಟಿಕೊಂಡು ನಾಲ್ಕು ಮರಿಗಳು. ಮುಂಗಾಲುಗಳ ನಡುವೆ ನಮ್ಮ ಚೆಂಡು!

"ಕಳ್ಳಿ ಸಿಕ್ಕಿಬಿದ್ಲು!" ಎಂದು ಮ್ಯಾನೇಜರು ಕುಣಿದಾಡಿದರು. "ಕಾಲುವೆದೇನೂ ತಪ್ಪಿಲ್ಲ ಸಾರ್, ನಾಯಿ ಎತ್ಕೊಂಡು ಬಂದಿದೆ. ರುಜು ಹಾಕಿ, ಬಿಸಿ ಚಹಾ ಕುಡಿಯೋಣ."

ಭಾವನವರ ಮುಖ ಸಪ್ಪಗಾಯಿತು. ನ್ಯಾಯವಾದ ಮಾತೇ. ಕಾಗದ ತೆಗೆದರು, ನಾನು ಛತ್ರಿ ಹಿಡಿದೆ, ಪೆನ್ನಿನ ಮುಚ್ಚಳವೂ ಬಿಚ್ಚಿತು. ಅಷ್ಟರಲ್ಲಿ ಅವರ ಮೂಗಿನ ತುದಿಯಿಂದ ಒಂದು ಹನಿ ಕಾಗದದ ಮೇಲೆ ಬಿತ್ತು. ಅವರು ಹನಿಯನ್ನು ನೋಡಿದರು. ತೊಯ್ದು ತೊಪ್ಪೆಯಾದ ನನ್ನನ್ನು ನೋಡಿದರು, ಮ್ಯಾನೇಜರನ್ನು ನೋಡಿದರು, ಆಮೇಲೆ ಬಗ್ಗಿ ಮರಿಗಳನ್ನು ನೋಡಿದರು.

"ಮರಿ ಹಾಕಿ ಎಷ್ಟು ದಿನ ಆಯ್ತಪ್ಪಾ?" ಎಂದು ಕಾವಲುಗಾರನನ್ನು ಕೇಳಿದರು.

"ಹದಿನೈದು ದಿನ ಆಯ್ತು ಸಾರ್."

"ಹದಿನೈದು ದಿನದಿಂದ ಮಳೆ ಹೀಗೇ ಹುಯ್ತಿದೆ. ನೆನೀಲಿಲ್ವಾ?"

"ಯಾಕೆ ನೆನೀತವೆ ಸಾರ್? ಈ ಮೋರೀಗೆ ಒಂದಿನಾನೂ ನೀರು ಬಂದಿಲ್ಲ. ಅದಕ್ಕೇ ನಾನೇ ಗೋಣಿಚೀಲ ಹಾಸಿ ಮಲಗಿಸಿದ್ದು" ಎಂದು ಕಾವಲುಗಾರ ಹೆಮ್ಮೆಯಿಂದ ಹೇಳಿದ. ಮ್ಯಾನೇಜರು ಅವನನ್ನು ನೋಡಿದ ನೋಟಕ್ಕೆ ಗೋಣಿಚೀಲ ಹೊತ್ತಿಕೊಳ್ಳಬೇಕಿತ್ತು.

ಇಡೀ ಗುಡ್ಡದಲ್ಲಿ ಒಣಗಿದ್ದ ಪ್ರಾಣಿಗಳೆಂದರೆ, ಮಳೆನೀರು ಇಳಿಯಬೇಕಾದ ಕಾಲುವೆಯಲ್ಲಿದ್ದ ಆ ನಾಲ್ಕು ಮರಿಗಳೇ. ಭಾವ ಕಾಗದ ಮಡಚಿ ಜೇಬಿಗಿಟ್ಟು ಹುಲ್ಲು ಸರಿಸುತ್ತ ಮೇಲೆ ಹತ್ತಿದರು. ಐವತ್ತು ಹೆಜ್ಜೆ ಮೇಲೆ, ಸರಿಯಾಗಿ ದಮ್ಮಸು ಹೊಡೆದು ಗಟ್ಟಿ ಮಾಡದ ಮಣ್ಣು ಕುಸಿದು, ಕಾಲುವೆಯ ತಳ ಬಾಯಿ ಬಿಟ್ಟಿತ್ತು. ಚೆಂಡು ಅಲ್ಲೇ ಸಿಕ್ಕಿಕೊಂಡಿದ್ದಾಗ ನಾಯಿ ಎತ್ತಿಕೊಂಡಿರಬೇಕು. ನೆತ್ತಿಯ ನೀರೆಲ್ಲ ಗಟಗಟನೆ ಗುಡ್ಡದ ಹೊಟ್ಟೆಗೆ ಇಳಿಯುತ್ತಿತ್ತು. ಆ ಹೊಟ್ಟೆಯ ನೇರ ಕೆಳಗೆ ನಮ್ಮ ಶಾಲೆಯ ಹೆಂಚು ಕಾಣುತ್ತಿತ್ತು.

ಅಂದಿನ ವರದಿಯನ್ನು ಅಕ್ಕ ಓದಿ ಹೇಳಿದ್ದು ನನಗೆ ನೆನಪಿದೆ: "ನಾಲ್ಕನೆಯ ಕಾಲುವೆ. ನೀರು: ಇಲ್ಲ. ವಾಸ: ನಾಯಿ ಒಂದು, ಮರಿ ನಾಲ್ಕು. ರುಜು: ಇಲ್ಲ."

ಯಂತ್ರಗಳು ಉಳಿದವು. ಮೊದಲು ನಾಯಿಯ ಸಂಸಾರವನ್ನು ಕಾವಲುಗಾರನ ಕೋಣೆಗೆ ಸಾಗಿಸಬೇಕೆಂದು ಭಾವ ಬರೆದುಕೊಟ್ಟರು, ಆಮೇಲೆ ಅಗೆತ. ಮುಂದಿನ ಮಳೆಗಾಲದಲ್ಲಿ ಒಂದು ಬೆಳಗ್ಗೆ ಮ್ಯಾನೇಜರೇ ಅಕ್ಕನ ಮನೆಗೆ ಫೋನು ಮಾಡಿ, ಮೊಮ್ಮಗ ಹುಟ್ಟಿದಷ್ಟೇ ಸಡಗರದಲ್ಲಿ, "ಬಂತು ತಾಯೀ, ನಾಲ್ಕನೇದು ಬಂತು!" ಎಂದು ಕೂಗಿದರಂತೆ. ಭಾವ ತಾವೇ ಹೋಗಿ, ಇನ್ನೊಂದು ಸಲ ಬಿಟ್ಟು ನೋಡಿ, ಆಮೇಲೆ ರುಜು ಹಾಕಿದರು.

ಆ ಮಧ್ಯಾಹ್ನ ಹಲ್ಲಿನ ಗುರುತು ಬಿದ್ದ ಚೆಂಡನ್ನು ನನಗೆ ಒಪ್ಪಿಸಲು ಶಾಲೆಗೆ ಬಂದರು. ಹೊರಗೆ ಮಳೆ ಸುರಿಯುತ್ತಿತ್ತು. ಮೂರನೆಯ ತರಗತಿಯಲ್ಲಿ ಮಗ್ಗಿ ನಡೆದಿತ್ತು. ಮಕ್ಕಳ ಕಾಲುಗಳೆಲ್ಲ ನೆಲದ ಮೇಲಿದ್ದವು. ಭಾವ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದರು. ಆಮೇಲೆ ಚೆಂಡನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಅದು ತಾನಾಗಿಯೇ ಮೂಲೆಯ ಕಡೆಗೆ ಉರುಳತೊಡಗಿತು.

"ಮೇಷ್ಟ್ರೇ," ಎಂದರು, "ಈ ಕೋಣೆ ಕಟ್ಟಿದವರು ಯಾರು?"