ಆವಲಪ್ಪನ ಮೂಗು

ಮಾಕಳಿಯ ಆವಲಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಮೂಗು ಬೇಟೆನಾಯಿಯದು. ರಾಗಿ ಗುಡ್ಡೆಯೊಳಗೆ ತೇವ ಉಳಿದಿದೆಯೋ ಇಲ್ಲವೋ ಎಂದು ಕಣದಂಚಿನಲ್ಲೇ ನಿಂತು ಹೇಳುತ್ತಿದ್ದ. ಎಪ್ಪತ್ತನಾಲ್ಕರಲ್ಲಿ ಅವನನ್ನು ಪೀಣ್ಯದ ನಮ್ಮ ಕಾರ್ಖಾನೆಗೆ ಸೇರಿಸಿದವನು ನಾನೇ. ಹೊರದೇಶದ ಕಂಪನಿ, ಬೆಳೆಗೆ ಹೊಡೆಯುವ ಔಷಧಿ ಕಾಯಿಸುತ್ತಿದ್ದೆವು. ನಾನೂ ಶಾಲೆ ಕಂಡವನಲ್ಲ. ಡ್ರಮ್ಮಿನ ಮೇಲಿನ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಕಲಿತು ಫೋರ್‌ಮನ್ ಆದವನು.

ಹಂಡೆಯಲ್ಲಿ ಹದ ಬಂತೇ ಎಂದು ತಿಳಿಯಲು ಲ್ಯಾಬಿನ ಚೀಟಿಗೆ ಮುಕ್ಕಾಲು ಗಂಟೆ ಕಾಯಬೇಕಿತ್ತು. ಆವಲಪ್ಪ ಮುಚ್ಚಳ ಸರಿಸಿ ಒಂದುಸಿರು ಎಳೆದು, “ಇಳಿಸಣ್ಣ” ಎನ್ನುತ್ತಿದ್ದ. ಚೀಟಿ ಆಮೇಲೆ ಬಂದು ಅದನ್ನೇ ಹೇಳುತ್ತಿತ್ತು. ನಮ್ಮ ಪಾಳಿ ಎಲ್ಲರಿಗಿಂತ ಮುಂದೆ. ಸಾಹೇಬರು ತಟ್ಟಿದ್ದು ಮಾತ್ರ ನನ್ನ ಬೆನ್ನು.

ಮೂಗಿಗೆ ಕಟ್ಟುವ ರಬ್ಬರ್ ಮಾಸ್ಕುಗಳು ಹಡಗಿನಲ್ಲಿ ಬಂದಿದ್ದವು. ವಿದೇಶದವರು ನೋಡಲು ಬಂದ ದಿನ ಬೀರುವಿನಿಂದ ತೆಗೆದು ಹಂಚುತ್ತಿದ್ದೆ. ಅವರು ಹೋದೊಡನೆ ಬೀಗ.

“ಒಂದು ನಾನು ಇಟ್ಕೊಳ್ಲಾ ಅಣ್ಣ? ಗಂಟ್ಲು ಉರೀತೈತೆ,” ಎಂದು ಅವನೊಮ್ಮೆ ಕೇಳಿದ್ದ.

“ಎತ್ತಿನಂಗೆ ಮೂತಿಗೆ ಕುಕ್ಕೆ ಕಟ್ಕೊಂಡು ಅದೇನ್ಲಾ ಮೂಸ್ತೀಯ? ಗಂಟ್ಲಿಗೆ ಅಂತ ಕಂಪ್ನಿ ಬೆಲ್ಲ ಕೊಡ್ತೈತಲ್ಲ, ತಿನ್ನು,” ಎಂದಿದ್ದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಎಂಬತ್ತಮೂರರ ಅವರೆಕಾಯಿ ಕಾಲದಲ್ಲಿ, ಪ್ರತಿ ವರ್ಷದಂತೆ, ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ಹೆಂಡತಿ ಚಿಕ್ಕಮುನಿಯಮ್ಮ ಮೊರದ ಮುಂದೆ ಕೂತು ಗೊಣಗುತ್ತಿದ್ದಳು. “ನೋಡಣ್ಣ, ಸೊಗಡೇ ಇಲ್ದಿರೋ ಕಾಯಿ ತಂದೈತೆ ಈವಯ್ಯ. ಇದರ ಮೂಗನ್ನ ಊರೆಲ್ಲಾ ಒಗಳ್ತಾರೆ!”

ಆವಲಪ್ಪ ಒಂದು ಕಾಯಿ ಮುರಿದು ಮೂಗಿಗೆ ಹಿಡಿದ. ಇನ್ನೊಂದು ಮುರಿದ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದ.

“ಯುಗಾದಿಯಿಂದ ಏನೂ ಗೊತ್ತಾಯ್ತಿಲ್ಲ ಕಣಣ್ಣ. ಸಗಣೀನೂ ಒಂದೇ, ಸಂಪಿಗೇನೂ ಒಂದೇ.”

“ಮತ್ತೆ ಅಂಡೆ ಎಂಗ್ಲಾ ಇಳಿಸ್ತಿದ್ದೆ?”

“ಗಡಿಯಾರ ನೋಡಿ. ನಿನ್ ಮಾತು ಕೆಡಬಾರ್ದು ಅಂತ. ಇನ್ನಾಗಕಿಲ್ಲ. ಅಂಡೆ ಸೋರಿದ್ರೂ ನಂಗೆ ತಿಳಿಯಾಕಿಲ್ಲ. ಗೇಟ್ ಕಾಯಕ್ಕಾದ್ರೂ ಆಕ್ಸಣ್ಣ.”

ಮರುದಿನ ಅವನನ್ನು ಮ್ಯಾನೇಜರ್ ಕೃಷ್ಣಸ್ವಾಮಿಯವರ ಮುಂದೆ ನಿಲ್ಲಿಸಿದೆ. ಮೂಗು ಹೋದ ಸಂಗತಿ ಕೇಳಿ ಅವರು ಬೀರು ತೆಗೆಸಿದರು. ಮಾಸ್ಕುಗಳೆಲ್ಲ ಹೊಸವುಗಳಂತೆಯೇ ಇದ್ದವು.

“ಇವನ್ನ ಯಾಕೆ ಹಾಕ್ಕೊಂಡಿಲ್ಲ ನೀನು? ಫೋರ್‌ಮನ್ ಕೊಡ್ಲಿಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಆವಲಪ್ಪ ಹೇಳಿದ: “ಕೊಟ್ಟಿದ್ರು ಸಾರ್. ನಾನೇ ಆಕ್ಕೊಳ್ತಿರ್ಲಿಲ್ಲ.”

ಆ ಮಾತು ನನ್ನನ್ನು ಉಳಿಸಿತು, ಅವನನ್ನು ಉಳಿಸಲಿಲ್ಲ. ಗೇಟಿನ ಕೆಲಸವೂ ಸಿಗಲಿಲ್ಲ. ಕಂಪನಿಯ ನಿಯಮ ಮೀರಿದನೆಂದು ವಜಾ ಮಾಡುವ ಕಾಗದ ಟೈಪಾಗಿ ಬಂತು. ಕೆಳಗೆ ಫೋರ್‌ಮನ್ ಸಹಿ ಬೇಕಿತ್ತು. ಅಷ್ಟು ಉದ್ದದ ಇಂಗ್ಲಿಷನ್ನು ನಾನು ಎಲ್ಲೂ ತಡವರಿಸದೆ ಓದಿದ್ದು ಅದೇ ಮೊದಲು. ಒಂದು ಮಾತೂ ಅರ್ಥವಾಗದೆ ಉಳಿಯಲಿಲ್ಲ. ಸಹಿ ಹಾಕಿದೆ.

ಮುಂದಿನ ಅವರೆಕಾಯಿ ಕಾಲಕ್ಕೂ ಆವಲಪ್ಪ ಊಟಕ್ಕೆ ಹೇಳಿಕಳಿಸಿದ. ಹೋಗುವ ಮುಖ ನನಗಿರಲಿಲ್ಲ.