ಅಂಗೈ ಅಗಲದ ತೊಗಟೆ

ಮೊನ್ನೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಯಾರೋ ಹೊನ್ನೆ ತೊಗಟೆಯ ಪುಡಿಗೆ ಬಿಸಿನೀರು ಹಾಕಿದರು. ಆ ಒಗರು ವಾಸನೆ ಬಂದದ್ದೇ ಎದ್ದು ಹೊರಗೆ ಹೋದೆ. ಮೇಸ್ತ್ರಿ ನೆನಪಾದರು...

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ನನ್ನಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು, ನಾನು ಹೇಳುತ್ತಿರುವವರು ಅಲ್ಲಿನ ಮರಗಸಿಯ ಮೇಸ್ತ್ರಿ. ನೆರಳಿನ ಮರ ಹತ್ತಿ ಕೊಂಬೆ ಸವರುವುದು, ಸವರಿಸುವುದು ಅವರ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆಳುಗಳಿಗೆ ಬೈಯುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ತೊಗಟೆ ಬೇಕಾಗಿ, ದೊಡ್ಡ ಹೊನ್ನೆ ಮರದ ಸುತ್ತ ಕತ್ತಿ ಹಾಕಲು ಹೊರಟಿದ್ದೆ. ಹಿಂದಿನಿಂದ ಬಂದ ಮೇಸ್ತ್ರಿ ತಮ್ಮ ಕತ್ತಿಯ ಬೆನ್ನಿನಿಂದ ನನ್ನ ಮಣಿಕಟ್ಟಿಗೆ ಬಾರಿಸಿದರು. ವಾರವಿಡೀ ಊತ ಇಳಿಯಲಿಲ್ಲ.

"ಸುತ್ತ ಕೊಯ್ದ್ರೆ ಮರ ಸಾಯ್ತದೆ ಮಾರಾಯ್ತಿ. ನಿನ್ ಕುತ್ತಿಗೆ ಹಂಗೆ ಕೊಯ್ದ್ರೆ ಉಳೀತೀಯ?"

ಆಮೇಲೆ ಅವರೇ ಕೊಯ್ದುಕೊಟ್ಟರು. ಉದ್ದಕ್ಕೆ, ಅಂಗೈ ಅಗಲ, ಒಂದೇ ಕಡೆ. ಕೆಂಪು ಅಂಟು ಥೇಟ್ ರಕ್ತದಂತೆ ಇಳಿಯಿತು. ಗಾಯಕ್ಕೆ ಸಗಣಿ, ಮಣ್ಣು ಮೆತ್ತಿ, ಇನ್ನು ಮೂರು ಮಳೆಗಾಲ ಈ ಮರವನ್ನು ಯಾರೂ ಮುಟ್ಟುವಂತಿಲ್ಲ ಎಂದರು. ಅದು ಅವರಪ್ಪನ ಕಾಲದ ಕಟ್ಟಳೆಯಂತೆ.

ಲ್ಯಾಬಿನಲ್ಲಿ ಆ ತೊಗಟೆಯ ಸಾರ ಬಿದ್ದದ್ದೇ ನೇರಳೆ ಬಣ್ಣದ ದ್ರಾವಣ ಹಳದಿಯಾಯಿತು. ಆಂಟಿ ಆಕ್ಸಿಡೆಂಟ್ ಗುಣ ಇದೆ ಎನ್ನುವುದಕ್ಕೆ ಅದು ಗುರುತು. ಗಾಜಿನ ಕೊಳವೆಯಲ್ಲಿ ಇದೆ ಎಂದಷ್ಟೇ, ಮನುಷ್ಯರ ಕಾಯಿಲೆ ವಾಸಿಯಾಗುತ್ತದೆ ಎಂದಲ್ಲ. ಮಾದರಿ ಎಲ್ಲಿಂದ ತಂದದ್ದೆಂದು ಬರೆಯುವುದು ನಮ್ಮ ವಿಷಯದ ಶಿಸ್ತು. ಚಿಕ್ಕಮಗಳೂರಿನ ವಿಜ್ಞಾನ ಪ್ರದರ್ಶನಕ್ಕೆ ಚಾರ್ಟ್ ಮಾಡಿದಾಗ ಜಾಣೆ ನಾನು ಮರದ ಫೋಟೊ ಅಂಟಿಸಿ, ಎಸ್ಟೇಟಿನ ಹೆಸರು, ಹೋಗುವ ದಾರಿ ಎಲ್ಲ ಬರೆದೆ. ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದು, ಸಕ್ಕರೆ ಕಾಯಿಲೆಗೆ ರಾಮಬಾಣವೆಂದು ಊರಿಗೆಲ್ಲ ಹಂಚಿದರು.

ಹದಿನೈದು ದಿನದಲ್ಲಿ ಜೀಪು ಬಂತು. ಐದಾರು ಜನ, ಕತ್ತಿ, ಹಾರೆ, ಗೋಣಿಚೀಲ. ಮೇಸ್ತ್ರಿಯ ಕೂಗು ಕೇಳಿ ಅಪ್ಪನೂ ನಾನೂ ಓಡುವಷ್ಟರಲ್ಲಿ ಆ ಮರವನ್ನು ಎದೆಮಟ್ಟದವರೆಗೆ ಸುತ್ತ ಸುಲಿದಾಗಿತ್ತು. ಮೇಸ್ತ್ರಿ ಒಬ್ಬನ ಹೆಗಲಿಗೆ ಕತ್ತಿ ಬೀಸಿಯೇಬಿಟ್ಟರು. ಉಳಿದವರು ಅವರನ್ನು ಮರಕ್ಕೆ ಒತ್ತಿ ಹಿಡಿದು ಹಾರೆಯಿಂದ ಬಲಗೈಗೆ ಹೊಡೆದರು. ಮತ್ತೆ ಹೊಡೆದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವರ ಅಂಗಿಯ ಮೇಲಿದ್ದ ಕೆಂಪು ಮರದ್ದೋ ಅವರದ್ದೋ ತಿಳಿಯಲಿಲ್ಲ...

ಎಲ್ಲ ಹೇಳಿಬಿಡಬೇಕೆಂದೇ ಆಸ್ಪತ್ರೆಗೆ ಹೋದೆ. ಮೊಣಕೈ ಕೆಳಗೆ ಕೈ ತೆಗೆದಿದ್ದರು. ಅವರು ಇನ್ನು ಮರ ಹತ್ತುವಂತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು.

"ಆ ಫೋಟೊ ಹಾಕಿದ್ ಯಾರು ಅಂತ ಗೊತ್ತಾಯ್ತಾ?" ಎಂದು ಅವರೇ ಕೇಳಿದರು. "ಸಿಕ್ಕಿದ್ರೆ ಇನ್ನೊಂದ್ ಕೈ ಇದ್ಯಲ್ಲ ನಂಗೆ."

"ಗೊತ್ತಿಲ್ಲ ಮೇಸ್ತ್ರಿ," ಎಂದೆ.

"ಹೋಗ್ಲಿ ಬಿಡು. ನಿನ್ ಓದು ನಿಲ್ಸ್‌ಬೇಡ. ತೊಗಟೆ ಬೇಕಿದ್ರೆ ಹೇಳು, ಯಾರ್ ಹತ್ರಾದ್ರೂ ಕೊಯ್ಸಿ ಕೊಡ್ತೀನಿ."

ಬಯ್ದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಗೆ ಬಂದು ಆಸ್ಪತ್ರೆಯ ಗೋಡೆಗೆ ಒರಗಿ ಅತ್ತೆ. ಒಳಗೆ ಮಾತ್ರ ಮತ್ತೆ ಹೋಗಲಿಲ್ಲ.

ಮರುವರ್ಷ ಆ ಹೊನ್ನೆ ಒಣಗಿತು. ಅದಾಗಿ ಎರಡು ವರ್ಷಕ್ಕೆ ಮೇಸ್ತ್ರಿಯೂ ತೀರಿಕೊಂಡರು. ಈಗ ನಾನೇ ಮೇಡಂ. ಮಕ್ಕಳ ಚಾರ್ಟಿನಲ್ಲಿ ಮರ ಇರುವ ಜಾಗದ ಹೆಸರು ಕಂಡರೆ ಅಳಿಸಿಬಿಡುತ್ತೇನೆ. ಯಾಕೆ ಮೇಡಂ ಎಂದು ಕೇಳುತ್ತಾರೆ. ಹೇಳಬೇಕಾದವರಿಗೇ ಹೇಳಲಿಲ್ಲ, ಇನ್ನು ಇವರಿಗೇನು ಹೇಳಲಿ.